ಈ ವಾರದ ಹವೆ (ಏಪ್ರಿಲ್ 20ರಿಂದ 26): ಅಶ್ವಿನಿ ಮಳೆ ನಮ್ಮ ಅಂಗಳಕ್ಕೆ ಉಂಟಾ?

ಮಳೆಮಾಪಕ, ಪೆರ್ಲ · ಭಾನುವಾರ ಸಂಜೆ 6.40

ವಿಷು ಕಣಿ ಎತ್ತಿಟ್ಟಾಯಿತು, ಸೆಕೆಯನ್ನು ಎತ್ತಿಡುವವರು ಮಾತ್ರ ಯಾರೂ ಕಾಣುವುದಿಲ್ಲ. ನಮ್ಮ ಕಾಸರಗೋಡಿನ ಬದಿಯ ವಾರದ ಹವೆ ಬರೆಯಿರಿ ಅಂತ ಮೂರು ಜನ ಫೋನ್ ಮಾಡಿದ್ದಾರೆ, ಅದರಲ್ಲಿ ಇಬ್ಬರದ್ದು ಮದುವೆ ಮನೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ, ಫ್ಯಾನಿನ ಕೆಳಗೆ, ಬನಿಯಾನೂ ಇಲ್ಲದೆ.

ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ಕೇರಳದವರೆಗೆ ಕಡಿಮೆ ಒತ್ತಡದ ಪಟ್ಟಿಯೊಂದು ಎಳೆದುಕೊಂಡಿದೆ. ಏಪ್ರಿಲಿನಲ್ಲಿ ಇದು ಮಾಮೂಲು. ಎರಡು ಬದಿಯ ಗಾಳಿ ಬಂದು ಸೇರುವ ಆ ಗೆರೆಯ ಮೇಲೆ ಮಧ್ಯಾಹ್ನದ ಕಾವಿಗೆ ಮೋಡ ಏಳುತ್ತದೆ. ಸೋಮವಾರದಿಂದ ಬುಧವಾರದವರೆಗೆ ಪಟ್ಟಿ ಬಡವಾಗಿಯೇ ಇರುವ ಲಕ್ಷಣ, ಅಂದರೆ ಬರೀ ಸೆಕೆ. ಗುಡುಗಿದರೆ ಪಾಣತ್ತೂರು, ರಾಣಿಪುರದ ಬದಿಯಲ್ಲಿ ಗುಡುಗೀತು. ಗುರುವಾರದಿಂದ ಮೂಡು ದಿಕ್ಕಿನಲ್ಲಿ ಮೋಡ ಜೋರಾಗಬಹುದು. ಅಡೂರು, ದೇಲಂಪಾಡಿ, ಮುಳ್ಳೇರಿಯ, ಬದಿಯಡ್ಕ ಸಾಲಿಗೆ ಸಂಜೆಯ ಮಳೆಯ ಆಸೆ ಉಂಟು. ಕುಂಬಳೆ, ಉಪ್ಪಳ, ಮಂಜೇಶ್ವರದವರು ಮೋಡ ನೋಡಿಯೇ ತೃಪ್ತಿಪಟ್ಟುಕೊಳ್ಳಬೇಕಾದೀತು.

ಇನ್ನೊಂದು, ಗುರುವಾರ 23ರ ಆಸುಪಾಸು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ ನೋಡಿ, ನೆರಳು ಬುಡದಲ್ಲೇ ಅಡಗಿರುತ್ತದೆ. ಮಕ್ಕಳಿಗೆ ರಜೆ, ತೋರಿಸಲಿಕ್ಕೆ ಒಳ್ಳೆಯದು. ಆದರೆ ತಲೆಗೆ ಮುಟ್ಟಾಳೆ ಇರಲಿ.

ಮದುಮಗಳ ಅಣ್ಣ, ನೀರ್ಚಾಲು · ಭಾನುವಾರ ರಾತ್ರಿ 8.05

ಮಾಷ್ಟ್ರೇ, ಆ ಇಬ್ಬರಲ್ಲಿ ಒಬ್ಬ ನಾನೇ. ಶುಕ್ರವಾರ ತಂಗಿಯ ಮದುವೆ, ಮನೆಯಲ್ಲೇ. ಮುಹೂರ್ತ 11.25ಕ್ಕೆ. ಊಟದ ಚಪ್ಪರಕ್ಕೆ ಬಟ್ಟೆ ಸಾಕಾ, ತಗಡು ಹಾಕಿಸಲಾ? ತಗಡಿನ ಬಾಡಿಗೆ ಕೇಳಿ ಅಪ್ಪನಿಗೆ ಈಗಲೇ ಸಿಡಿಲು ಬಡಿದಿದೆ.

ಮಳೆಮಾಪಕ, ಪೆರ್ಲ · ಭಾನುವಾರ ರಾತ್ರಿ 8.20

ಧಾರೆಯ ಮುಹೂರ್ತಕ್ಕೆ ಹೆದರಬೇಡಿ. ಈ ತಿಂಗಳಿನ ಮಳೆ ಬೆಳಿಗ್ಗೆ ಬರುವುದು ಬಹಳ ಅಪರೂಪ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರದವರು ಸಿಡಿಲಿನ ಎಚ್ಚರಿಕೆ ಕೊಡುವಾಗ ಹೇಳುವ ಹೊತ್ತು ಮಧ್ಯಾಹ್ನ 2ರಿಂದ ರಾತ್ರಿ 10, ಸುಮ್ಮನೆ ಹೇಳಿದ್ದಲ್ಲ. ಬೆಳಗಿನ ಬಿಸಿಲಿಗೆ ನೆಲ ಕಾಯಬೇಕು, ಕಡಲ ಗಾಳಿ ತೇವ ಹೊತ್ತು ಘಟ್ಟದ ಬುಡಕ್ಕೆ ಮುಟ್ಟಬೇಕು, ಆಮೇಲೆ ಮೋಡ ಕಟ್ಟಬೇಕು. ಅಷ್ಟಕ್ಕೆ ಎರಡು, ಮೂರು ಗಂಟೆ ಆಗುತ್ತದೆ. ಮೇಲಿನ ಗಾಳಿ ಮೂಡಿನಿಂದ ಬೀಸುತ್ತಿದ್ದರೆ ಆ ಮೋಡವನ್ನು ಸಂಜೆ ನಮ್ಮತ್ತ ದೂಡಿಕೊಂಡು ಬರುತ್ತದೆ, ಇಲ್ಲದಿದ್ದರೆ ಅದು ಅಲ್ಲೇ ಸುರಿದು ಖಾಲಿ. ನಿಮ್ಮ ಕೊನೆಯ ಪಂಕ್ತಿ ಎರಡೂವರೆಯೊಳಗೆ ಎದ್ದರೆ ಬಟ್ಟೆ ಸಾಕು. ಅಡುಗೆಯ ಕೊಟ್ಟಿಗೆಗೆ ಮಾತ್ರ ತಗಡು ಹಾಕಿಸಿ. ಒಲೆ ಆರಿದರೆ ಬೀಗರೂ ಆರುತ್ತಾರೆ.

ತಲಪಾಡಿ ಗೇಟು · ಭಾನುವಾರ ರಾತ್ರಿ 9.30

ನನಗೆ ಪ್ರತಿ ವರ್ಷ ಇದೇ ಗೊಂದಲ. ಟಿವಿಯಲ್ಲಿ ‘ಕರಾವಳಿ ಕರ್ನಾಟಕಕ್ಕೆ ಮಳೆ’ ಅಂತ ಹೇಳುತ್ತಾರೆ, ಫೋನಿಗೆ ಕೇರಳದ ಎಚ್ಚರಿಕೆ ಬರುತ್ತದೆ, ಎರಡೂ ಒಂದೇ ದಿನ ಬೇರೆ ಬೇರೆ ಬಣ್ಣ. ನನ್ನ ಮನೆಯಿಂದ ಗಡಿಗೆ ನಡೆದು ಹೋದರೆ ಹತ್ತು ನಿಮಿಷ. ನಾನು ಯಾವ ಮೋಡದ ಪ್ರಜೆ ಹೇಳಿ?

ಮಳೆಮಾಪಕ, ಪೆರ್ಲ · ಭಾನುವಾರ ರಾತ್ರಿ 9.50

ಕಾಗದದ ಪ್ರಕಾರ ತಿರುವನಂತಪುರದ ಪ್ರಜೆ. ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗ ಮಾಡಿಕೊಂಡಿದೆ. ಕಾಸರಗೋಡು ಬರುವುದು ‘ಕೇರಳ ಮತ್ತು ಮಾಹೆ’ ಒಳಗೆ, ಮಂಗಳೂರು ‘ಕರಾವಳಿ ಕರ್ನಾಟಕ’ದಲ್ಲಿ. ಕಾಸರಗೋಡಿನ ಬಣ್ಣ ಹಾಕುವುದು ತಿರುವನಂತಪುರದ ಕೇಂದ್ರ, ದಕ್ಷಿಣ ಕನ್ನಡದ್ದು ಬೆಂಗಳೂರಿನ ಕೇಂದ್ರ. ಮೋಡ ತಲಪಾಡಿಯಲ್ಲಿ ಇಳಿದು ಗುರುತಿನ ಚೀಟಿ ತೋರಿಸುವುದಿಲ್ಲವಲ್ಲ. ನಾನು ಎರಡನ್ನೂ ಓದುತ್ತೇನೆ. ಪುತ್ತೂರು, ಸುಳ್ಯಕ್ಕೆ ಗುಡುಗು ಬರೆದಿದ್ದರೆ ಪೆರ್ಲ, ಅಡೂರಿನವರು ಕಿವಿ ನೆಟ್ಟಗೆ ಮಾಡಬೇಕು. ತೃಕ್ಕರಿಪುರಕ್ಕೆ ಹೇಳಿದ ಮಳೆಗೂ ನಮಗೂ ಜಿಲ್ಲೆ ಒಂದೇ ಎಂಬುದು ಬಿಟ್ಟರೆ ಸಂಬಂಧ ಕಮ್ಮಿ.

ಒಟ್ಟಪ್ಪೆಟ್ಟ, ಕುಂಬ್ಡಾಜೆ · ಸೋಮವಾರ ಬೆಳಿಗ್ಗೆ 7.10

ನನ್ನ ಈ ಹೆಸರಿನ ಕತೆ ಹೇಳಲು ಇದೇ ಸಮಯ. ಅಜ್ಜನ ಫೋನಿಗೆ ಮಲಯಾಳದಲ್ಲಿ ಸಂದೇಶ ಬಂತು, ‘ಒಟ್ಟಪ್ಪೆಟ್ಟ ಮಳೆ’ ಅಂತ. ನಾನು ಗಟ್ಟಿಯಾಗಿ ಓದಿದೆ. ಅಜ್ಜನಿಗೆ ಕೇಳಿದ್ದು ‘ಒಟ್ಟು ಪೆಟ್ಟು’. ಎಲ್ಲ ಕಡೆ ಒಂದೇ ಪೆಟ್ಟಿಗೆ ಸುರಿಯುತ್ತದೆ ಅಂತ ತಿಳಿದು ಅಂಗಳದ ಅಡಿಕೆಯನ್ನೆಲ್ಲ ಗೋಣಿಗೆ ತುಂಬಿಸಿ, ತೋಟದ ಪಂಪನ್ನೂ ಬಂದ್ ಮಾಡಿಸಿದರು. ಮೂರು ದಿನ ಹನಿ ಬೀಳಲಿಲ್ಲ. ನಾಲ್ಕನೆಯ ದಿನ ಪಕ್ಕದ ಮನೆಯವರು ಹೇಳಿದರು, ‘ಒಟ್ಟಪ್ಪೆಟ್ಟ’ ಎಂದರೆ ಅಲ್ಲೊಂದು ಇಲ್ಲೊಂದು ಕಡೆ ಅಂತ. ಅಜ್ಜ ಇವತ್ತಿಗೂ ಒಪ್ಪಿಲ್ಲ. ಪೆಟ್ಟು ಅಂದ ಮೇಲೆ ಪೆಟ್ಟೇ ಅಂತೆ.

ಚಾಲಿ, ಮುಳ್ಳೇರಿಯ · ಸೋಮವಾರ ಬೆಳಿಗ್ಗೆ 7.45

ನಗಬೇಡಿ, ಅದು ನಗುವ ವಿಷಯ ಅಲ್ಲ. ಕನ್ನಡ ಮಾತ್ರ ಓದುವ ಹಿರಿಯರು ಈ ಬದಿಯಲ್ಲಿ ಎಷ್ಟು ಜನ ಇದ್ದಾರೆ. ಸಿಡಿಲಿನ ಎಚ್ಚರಿಕೆಯಾದರೂ ಅವರ ಭಾಷೆಯಲ್ಲಿ ಬರಬಾರದಾ? ಒಂದು ಕಚೇರಿಗೆ ಹೋಗಿ ಕೇಳಿದ್ದೆ. ಅರ್ಜಿ ಕೊಡಿ ಅಂದರು. ಕೊಟ್ಟೆ. ಅದಕ್ಕೆ ಉತ್ತರ ಬಂತು, ಮಲಯಾಳದಲ್ಲಿ.

ಹಪ್ಪಳದ ಹಿಟ್ಟು, ಬದಿಯಡ್ಕ · ಸೋಮವಾರ ಮಧ್ಯಾಹ್ನ 1.15

ಹಲಸಿನ ಹಪ್ಪಳ ಎರಡು ಚಾಪೆ ತುಂಬ ಹಾಕಿದ್ದೇನೆ. ಮಾಷ್ಟ್ರು ಬುಧವಾರದವರೆಗೆ ಬಿಸಿಲು ಅಂದಿದ್ದಾರೆ, ನೆನಪಿರಲಿ. ಇವತ್ತಿನ ನನ್ನ ಅಂದಾಜು ಬೇರೆ ಏನಲ್ಲ. ಉಪ್ಪಿನ ಭರಣಿ ಬೆವರಿದೆ, ಆದರೆ ಬೈಗಿನ ಮೂಡಾಯಿ (ಮೂಡು ದಿಕ್ಕಿನ) ಗಾಳಿ ಇನ್ನೂ ಎದ್ದಿಲ್ಲ. ಮಳೆ ಇಲ್ಲ.

ಉಪ್ಪಳದವ, ಈಗ ಶಾರ್ಜಾ · ಸೋಮವಾರ ಮಧ್ಯಾಹ್ನ 2.40

ಇಲ್ಲಿ 38 ಡಿಗ್ರಿ, ನೆರಳಿಗೆ ನಿಂತರೆ ಬೆವರು ಆರುತ್ತದೆ. ಊರಲ್ಲಿ 34 ಅಂತ ಮನೆಯವರು ಹೇಳುತ್ತಾರೆ, ವಿಡಿಯೋ ಕಾಲಿನಲ್ಲಿ ನೋಡಿದರೆ ಅಮ್ಮ ಮೂರನೇ ಸಲ ಸ್ನಾನಕ್ಕೆ ಹೋಗಿದ್ದಾರೆ. 34ಕ್ಕೆ ಇಷ್ಟು ಒದ್ದಾಟ ಯಾಕೆ?

ನೇತ್ರಾವತಿ ದಾಟಿದವಳು, ಮಂಗಳೂರು · ಸೋಮವಾರ ಮಧ್ಯಾಹ್ನ 3.05

ಬೆವರು ಆರಬೇಕಾದರೆ ಗಾಳಿಯಲ್ಲಿ ಜಾಗ ಬೇಕು ಅಣ್ಣ. ನಮ್ಮ ಗಾಳಿ ಕಡಲಿನ ನೀರು ಹೀರಿ ಆಗಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ. 34 ಡಿಗ್ರಿಗೆ ನೂರಕ್ಕೆ 65ರ ತೇವ ಸೇರಿದರೆ ಮೈಗೆ ತಾಗುವುದು 40 ದಾಟಿದ ಬಿಸಿ. ಲಕ್ಷದ್ವೀಪದ ಸುತ್ತಿನ ಕಡಲು ಏಪ್ರಿಲ್, ಮೇ ಹೊತ್ತಿಗೆ 30 ಡಿಗ್ರಿಗಿಂತ ಬಿಸಿಯಾಗುತ್ತದೆ, ಬಿಸಿ ನೀರಿನ ಹೊಂಡವೇ ಅದು. ಅದರ ಪಕ್ಕದಲ್ಲಿ ನಮ್ಮ ಮನೆ.

ಹಾಗಿದ್ದೂ ನಮಗೆ ‘ಬಿಸಿಗಾಳಿ’ ಅಂತ ಘೋಷಣೆ ಸುಲಭಕ್ಕೆ ಆಗುವುದಿಲ್ಲ. ಕರಾವಳಿಯಲ್ಲಿ ಅದಕ್ಕೆ ಉಷ್ಣತೆ 37 ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು. ಬಯಲುಸೀಮೆಗೆ 40ರ ಲೆಕ್ಕ. 2024ರ ಏಪ್ರಿಲ್ ಕೊನೆಗೆ ಪಾಲಕ್ಕಾಡಿನಲ್ಲಿ ಘೋಷಣೆ ಆಗಿತ್ತು. ಘೋಷಣೆ ಇಲ್ಲ ಅಂದ ಮಾತ್ರಕ್ಕೆ ಮಧ್ಯಾಹ್ನ ಗೇರುಬೀಜ ಹೆಕ್ಕಲು ಗುಡ್ಡೆಗೆ ಹೋಗಬಹುದು ಅಂತ ಅಲ್ಲ. ಕೇರಳದಲ್ಲಿ ಬಿಸಿಲಿನ ಕೆಲಸಕ್ಕೆ 12ರಿಂದ 3ರವರೆಗೆ ವಿರಾಮ ಕೊಡಬೇಕೆಂಬ ಆದೇಶ ಬೇಸಿಗೆಯಲ್ಲಿ ಬರುತ್ತದೆ. ತೋಟದ ಧಣಿಗಳು ಓದಿಕೊಳ್ಳಿ.

ಕೋಯಿಪ್ಪಾಡಿ ಬಲೆ · ಮಂಗಳವಾರ ಬೆಳಿಗ್ಗೆ 5.50

ನೀವೆಲ್ಲ ಆಕಾಶ ನೋಡುವವರು, ನಾವು ನೀರು ನೋಡುವವರು. ನಿನ್ನೆ ರಾತ್ರಿಯಿಂದ ತೆರೆಯ ನಡೆ ಬದಲಾಗಿದೆ. ಗಾಳಿ ಇಲ್ಲ, ಮೋಡ ಇಲ್ಲ, ಆದರೆ ತೆರೆ ಉದ್ದ ಉದ್ದ, ಒಂದು ಬಡಿದು ಇನ್ನೊಂದು ಬರುವಷ್ಟರಲ್ಲಿ ನಿಧಾನಕ್ಕೆ ಹದಿನೈದು ಎಣಿಸಬಹುದು. ಸಾಧಾರಣ ದಿನ ಎಂಟಕ್ಕೇ ಬರುತ್ತದೆ. ಇದು ಕಳ್ಳಕಡಲು. ದೋಣಿಯನ್ನು ಇನ್ನೂ ಮೇಲಕ್ಕೆ ಎಳೆದು ಕಟ್ಟಿದ್ದೇವೆ.

ತಲಪಾಡಿ ಗೇಟು · ಮಂಗಳವಾರ ಬೆಳಿಗ್ಗೆ 6.30

ಗಾಳಿ ಇಲ್ಲದೆ ತೆರೆ ಹೇಗೆ?

ಕೋಯಿಪ್ಪಾಡಿ ಬಲೆ · ಮಂಗಳವಾರ ಬೆಳಿಗ್ಗೆ 9.15

ಗಾಳಿ ಉಂಟು, ಇಲ್ಲಿ ಅಲ್ಲ. ದಕ್ಷಿಣದ ತುದಿಯಲ್ಲಿ, ಹಿಂದೂ ಮಹಾಸಾಗರದ ಆಚೆ ಬಿರುಗಾಳಿ ಎದ್ದರೆ ಅದರ ತೆರೆ ದಿನಗಟ್ಟಲೆ ನಡೆದು ನಮ್ಮ ದಂಡೆಗೆ ಮುಟ್ಟುತ್ತದೆ. ಹೇಳದೆ ಕೇಳದೆ ಬರುವುದಕ್ಕೆ ಮಲಯಾಳದಲ್ಲಿ ‘ಕಳ್ಳಕ್ಕಡಲ್’. ಆ ಹೆಸರನ್ನು 2012ರಲ್ಲಿ ಯುನೆಸ್ಕೋದವರೂ ಒಪ್ಪಿಕೊಂಡಿದ್ದಾರೆ. ಈಗ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಇಂಕೋಯಿಸ್ ಅನ್ನುತ್ತಾರಲ್ಲ, ಅವರು ಮೊದಲೇ ಹೇಳುತ್ತಾರೆ. ಹಾಗಾಗಿ ಕಳ್ಳನ ಕಳ್ಳತನ ಸ್ವಲ್ಪ ಕಮ್ಮಿ ಆಗಿದೆ. 2024ರ ಮಾರ್ಚ್ 31ರಂದು ಕೇರಳದ ತೀರದಲ್ಲಿ ಹೊತ್ತುಹಗಲೇ ಮನೆಯೊಳಗೆ ನೀರು ನುಗ್ಗಿದ್ದು ಇದೇ.

ರಜೆಗೆ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಬರುವವರಿಗೆ ಹೇಳುವುದಿಷ್ಟು: ಗುರುವಾರದವರೆಗೆ ಕಾಲು ಮಾತ್ರ ಒದ್ದೆ ಮಾಡಿ. ಬಿಸಿಲು ಚಂದ ಇದೆ, ಕಡಲು ಶಾಂತ ಇದೆ ಅಂತ ಕಾಣುತ್ತದೆ. ಅದೇ ಅದರ ಬಣ್ಣ.

ಸುರಂಗದ ಬಾಯಿ, ಬಾಯಾರು · ಬುಧವಾರ ಸಂಜೆ 5.20

ಮೋಡ ಇಲ್ಲ, ಪಂಪು ಅರ್ಧ ಗಂಟೆಗೇ ಗಾಳಿ ಎಳೆಯುತ್ತದೆ. ಹೊಳೆಯ ಕಟ್ಟದಲ್ಲಿ ನಿಂತ ನೀರು ಮೊಣಕಾಲಿಗೆ ಇಳಿದಿದೆ. ನೀರಿಗಾಗಿ ಗುಡ್ಡೆಯೊಳಗೆ ಅಡ್ಡ ಕೊರೆದ ಸುರಂಗದ ನೀರು ಮಾತ್ರ ತನ್ನ ಪಾಡಿಗೆ ಬೆರಳಿನ ದಪ್ಪಕ್ಕೆ ಬರುತ್ತಿದೆ, ಅದು ಹೋದ ವರ್ಷದ ಮಳೆಗಾಲದ ಉಳಿತಾಯ, ಈ ವಾರದ ಮಳೆಗೂ ಅದಕ್ಕೂ ಲೆಕ್ಕವಿಲ್ಲ. ಪ್ರಶ್ನೆ ಏನೆಂದರೆ, ಒಂದು ಒಳ್ಳೆಯ ಮಳೆ ಬಂದರೆ ತೋಟಕ್ಕೆ ಎಷ್ಟು ದಿನ ನೀರು ಬಿಡದೆ ಇರಬಹುದು? ನಮ್ಮಲ್ಲಿ ಒಬ್ಬರು ಒಂದು ಮಳೆಗೆ ಹದಿನೈದು ದಿನ ಅನ್ನುತ್ತಾರೆ.

ಮಳೆಮಾಪಕ, ಪೆರ್ಲ · ಬುಧವಾರ ಸಂಜೆ 7.00

ಇದು ನನಗೆ ಇಷ್ಟದ ಲೆಕ್ಕ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಒಂದು ಸೆಂಟ್ಸ್ ಜಾಗಕ್ಕೆ ಸುಮಾರು 40 ಲೀಟರ್. ಎಕರೆಗೆ 4,000 ಚಿಲ್ಲರೆ. ಹಾಗಾದರೆ 25 ಮಿಲಿಮೀಟರ್ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್. ಒಂಬತ್ತಡಿ ಅಂತರದಲ್ಲಿ ನೆಟ್ಟ ಅಡಿಕೆ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಮರಕ್ಕೆ ದಿನಕ್ಕೆ 20 ಲೀಟರ್ ಹಿಡಿದರೆ 11,000 ಲೀಟರ್ ಬೇಕು. ಭಾಗಿಸಿದರೆ ಒಂಬತ್ತು ದಿನ.

ಆದರೆ ಬೇಸಿಗೆಯ ಮಳೆ ಹೊಡೆಯುವುದು ಅರ್ಧ ಗಂಟೆ, ಒಣಗಿದ ನೆಲ ಅಷ್ಟು ಬೇಗ ಕುಡಿಯುವುದಿಲ್ಲ. ಇಳಿಜಾರಿನಲ್ಲಿ ಓಡಿ ಹೋದದ್ದು, ಮರುದಿನದ ಬಿಸಿಲಿಗೆ ಆವಿಯಾದದ್ದು ಕಳೆದರೆ ನಾನು ಐದು ದಿನಕ್ಕಿಂತ ಹೆಚ್ಚು ನಂಬುವುದಿಲ್ಲ. ಬುಡಕ್ಕೆ ಸೋಗೆ, ತರಗೆಲೆ ಮುಚ್ಚಿದವರಿಗೆ ಇನ್ನೊಂದೆರಡು ದಿನ. ಹದಿನೈದು ದಿನ ಅಂದವರ ತೋಟದಲ್ಲಿ ನಳ್ಳಿ (ಎಳೆಯ ಅಡಿಕೆ) ಉದುರಿದ್ದು ನಾನು ನೋಡಿದ್ದೇನೆ, ಹೆಸರು ಹೇಳುವುದಿಲ್ಲ, ಅವರೂ ಇದನ್ನು ಓದುತ್ತಾರೆ.

ದೋಟಿಯವ, ಏತಡ್ಕ · ಗುರುವಾರ ಮಧ್ಯಾಹ್ನ 2.10

ಜಿಲ್ಲೆಗೆ ಯೆಲ್ಲೋ ಅಲರ್ಟ್ ಬಂದಿದೆ. ಮೂಡಿನಲ್ಲಿ ಹತ್ತಿಯ ಮೂಟೆಯಂಥ ಮೋಡ ಮೇಲೆ ಮೇಲೆ ಏರುತ್ತಿದೆ. ನಾನು ಕೆಲಸ ನಿಲ್ಲಿಸಿದೆ. ಅಡಿಕೆ ಕೊಯ್ಯುವ ಉದ್ದದ ಗಳ, ಅಂದರೆ ದೋಟಿ, ಈಗ ಎಲ್ಲರ ಕೈಯಲ್ಲಿ ಇರುವುದು ಕಾರ್ಬನ್ ಫೈಬರಿನದ್ದು. ಹಗುರ, ಅರುವತ್ತಡಿ ನೆಲದಲ್ಲೇ ನಿಂತು ಕೊಯ್ಯಬಹುದು, ಎಲ್ಲ ಸರಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ ಎಂಬುದು ಮಾತ್ರ ಸುಮಾರು ಜನರಿಗೆ ಗೊತ್ತಿಲ್ಲ, ಬಿದಿರಿನ ದೋಟಿಯ ಅಭ್ಯಾಸದಲ್ಲೇ ಇದ್ದಾರೆ. ಅರುವತ್ತಡಿಯ ತಂತಿ ಎತ್ತಿ ಹಿಡಿದು ಸಿಡಿಲನ್ನು ಕರೆದ ಹಾಗೆ. ಲೈನ್ ಕಂಬದ ಹತ್ತಿರವೂ ಅಷ್ಟೇ. ಪುಣೆಯ ಸಂಸ್ಥೆ ಮಾಡಿದ ದಾಮಿನಿ ಆ್ಯಪ್ ಹಾಕಿಕೊಂಡಿದ್ದೇನೆ, ಹತ್ತಿರ ಎಲ್ಲಿ ಸಿಡಿಲು ಬಡಿಯುತ್ತಿದೆ ಅಂತ ತೋರಿಸುತ್ತದೆ. ಈಗ ಸುಳ್ಯದ ಮೇಲೆ ಚುಕ್ಕಿಗಳೇ ಚುಕ್ಕಿಗಳು.

ಚಾಲಿ, ಮುಳ್ಳೇರಿಯ · ಗುರುವಾರ ರಾತ್ರಿ 9.00

ಅಂಗಳದ ಆರು ಕ್ವಿಂಟಾಲ್ ಅಡಿಕೆ ಗುಡಿಸಿ, ರಾಶಿ ಮಾಡಿ, ಟಾರ್ಪಾಲು ಹೊದೆಸಿ, ಕಲ್ಲು ಇಟ್ಟು ಕಾದು ಕೂತೆವು. ಗುಡುಗಿತು, ಮಿಂಚಿತು. ಹನಿ? ಲೆಕ್ಕಕ್ಕೆ ಹನ್ನೊಂದು. ಬೆನ್ನು ನೋವು ಮಾತ್ರ ಪೂರ್ತಿ ಸುರಿದಿದೆ.

ಅಡೂರು ಗುಡ್ಡೆ · ಗುರುವಾರ ರಾತ್ರಿ 9.12

ಇಲ್ಲಿ ಮುಕ್ಕಾಲು ಗಂಟೆ ಹೊಡೆಯಿತು. ಪಯಸ್ವಿನಿಯಲ್ಲಿ ಕೆಂಪು ನೀರು. ಕರೆಂಟ್ ಹೋದದ್ದು ಇನ್ನೂ ಬರಲಿಲ್ಲ, ಫೋನು ನಾಲ್ಕು ಶೇಕಡ ಉಂಟು, ಬರೆಯಬೇಕು ಅಂತ ಕಂಡಿತು.

ಚಾಲಿ, ಮುಳ್ಳೇರಿಯ · ಶುಕ್ರವಾರ ಸಂಜೆ 6.30

ಇವತ್ತು ಜಿಲ್ಲೆಗೆ ಯಾವ ಬಣ್ಣವೂ ಇರಲಿಲ್ಲ. ಹಸಿರು. ಬೆಳಿಗ್ಗೆ ಪುನಃ ಹರಡಿದೆ. ನೀರ್ಚಾಲಿನ ಮದುವೆಗೆ ಹೋಗಿ ಎರಡನೇ ಪಂಕ್ತಿಯಲ್ಲಿ ಕೂತು, ಹೋಳಿಗೆ ಮುಗಿಸಿ, ಮಾತಾಡುತ್ತಾ ನಿಂತೆ. 4.15ಕ್ಕೆ ಸುರಿಯಿತು ನೋಡಿ. ಬೈಕಿನಲ್ಲಿ ಮನೆಗೆ ಮುಟ್ಟುವಾಗ ಹೆಂಡತಿ ಒಬ್ಬಳೇ ಅರ್ಧ ಒಳಗೆ ಹಾಕಿದ್ದಳು, ಉಳಿದರ್ಧ ಅಂಗಳದ ನೀರಿನಲ್ಲಿ ತೇಲುತ್ತಿತ್ತು. ನಾಲ್ಕು ದಿನದಲ್ಲಿ ಸುಲಿಯಲು ಕೊಡಬೇಕಾಗಿದ್ದ ಮಾಲು, ಈಗ ಒಳಗೆ ಬೂಸಲು ಬಂದರೆ ರೇಟು ಎಷ್ಟು ಇಳಿಯುತ್ತದೆ ಅಂತ ಮಾಷ್ಟ್ರು ಲೆಕ್ಕ ಹಾಕಿ ಹೇಳಲಿ. ಅಲರ್ಟ್ ಇದ್ದ ದಿನ ಮಳೆ ಇಲ್ಲ, ಇಲ್ಲದ ದಿನ ಉಂಟು. ಇದಕ್ಕಿಂತ ನಮ್ಮ ಪಂಚಾಂಗ ವಾಸಿ.

ಮಳೆಮಾಪಕ, ಪೆರ್ಲ · ಶುಕ್ರವಾರ ರಾತ್ರಿ 8.40

ನಿಮ್ಮ ಸಂಕಟ ಅರ್ಥವಾಗುತ್ತದೆ, ನನ್ನ ಅಡಿಕೆಯೂ ಎರಡು ಸಲ ಹೀಗೆ ಹೋಗಿದೆ. ಆದರೆ ಬಣ್ಣದಿಂದ ನೀವು ಕೇಳಿದ್ದು ಅದು ಹೇಳದ ಮಾತನ್ನು.

ಮಳೆಯ ಯೆಲ್ಲೋ ಬರುವುದು ಎಲ್ಲಾದರೂ ಭಾರೀ ಮಳೆ, ಅಂದರೆ ದಿನಕ್ಕೆ 64.5 ಮಿಲಿಮೀಟರಿಗಿಂತ ಮೇಲೆ ಬೀಳುವ ಸಾಧ್ಯತೆ ಕಂಡಾಗ. ನಿನ್ನೆಯ ಬಣ್ಣ ಅಡೂರಿಗೆ ಸಲ್ಲಿತು. ಹಸಿರು ಎಂದರೆ ಎಚ್ಚರಿಕೆ ಕೊಡುವಂಥದ್ದು ಇಲ್ಲ ಅಂತ. ಮಳೆಯೇ ಇಲ್ಲ ಅಂತ ಅಲ್ಲ. ಇವತ್ತು ನಿಮ್ಮ ಅಂಗಳ ತೇಲಿಸಲು 20 ಮಿಲಿಮೀಟರ್ ಸಾಕಾಯಿತು, ಅದು ಯಾವ ಬಣ್ಣಕ್ಕೂ ಬರುವುದಿಲ್ಲ. ಮತ್ತೆ ‘ಒಂದೆರಡು ಕಡೆ’ ಎಂಬ ಮಾತಿಗೂ ಅಳತೆ ಉಂಟು, ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರ ಒಳಗೆ. ಅಂದರೆ ನಾಲ್ಕರಲ್ಲಿ ಮೂರು ಅಂಗಳ ಒಣಗಿಯೇ ಇದ್ದರೂ ಮುನ್ಸೂಚನೆ ಸರಿಯೇ ಆಯಿತು.

ಅಡಿಕೆ ಹರಡಿದವರು ನೋಡಬೇಕಾದ್ದು ಬೆಳಗಿನ ಬಣ್ಣ ಅಲ್ಲ, ಮಧ್ಯಾಹ್ನದ ಮೇಲೆ ಬರುವ ಮೂರು ಗಂಟೆಯ ಮುನ್ಸೂಚನೆ, ‘ಮೌಸಮ್’ ಆ್ಯಪಿನಲ್ಲಿ ಸಿಗುತ್ತದೆ. ಇವತ್ತು ಎರಡೂವರೆಗೆ ಅದರಲ್ಲಿ ಕಾಸರಗೋಡು ಇತ್ತು. ನೀವು ಆಗ ಹೋಳಿಗೆಯಲ್ಲಿದ್ದಿರಿ.

ಮದುಮಗಳ ಅಣ್ಣ, ನೀರ್ಚಾಲು · ಶುಕ್ರವಾರ ರಾತ್ರಿ 10.50

ಮಾಷ್ಟ್ರೇ, ನಿಮಗೆ ಒಂದು ಡಬ್ಬಿ ಪಾಯಸ ಎತ್ತಿಟ್ಟಿದ್ದೇನೆ. ಮಳೆ ಬರುವಾಗ ತಂಗಿಯ ದಿಬ್ಬಣ ಆಗಲೇ ಸೀತಾಂಗೋಳಿ ದಾಟಿತ್ತು. ನೆನೆದದ್ದು ಬಾಡಿಗೆ ಬಟ್ಟೆ ಮಾತ್ರ. ತಗಡಿನ ದುಡ್ಡು ಉಳಿಯಿತು ಅಂತ ಅಪ್ಪ ಮಳೆಯಲ್ಲೇ ನಿಂತು ಎರಡು ಸಲ ಹೇಳಿದರು.

ಸುರಂಗದ ಬಾಯಿ, ಬಾಯಾರು · ಶನಿವಾರ ಬೆಳಿಗ್ಗೆ 8.00

ಬಾಯಾರಿಗೆ ಬಂದದ್ದು ಮಣ್ಣಿನ ವಾಸನೆ ಮಾತ್ರ. ಅಶ್ವಿನಿ 27ಕ್ಕೆ ಮುಗಿಯುತ್ತದೆ, ಆಮೇಲೆ ಭರಣಿ. ‘ಭರಣಿ ಮಳೆ ಧರಣಿಯೆಲ್ಲಾ ಬೆಳೆ’ ಅನ್ನುತ್ತಿದ್ದರು ಹಿರಿಯರು. ಇನ್ನು ಅವನನ್ನೇ ನಂಬುವುದು.

ಅಲ್ಲದೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯುವುದು ಅಂತ ಈಗಲೇ ಯೋಚಿಸಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಮುಟ್ಟಿತು, ವಾಡಿಕೆ ಜೂನ್ 1. ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಮಳೆಗಾಲವೇ ಶುರು. ಜೂನ್ ಮೊದಲ ವಾರ ಹೊಡೆಯುವ ಅಂತ ಸುಣ್ಣ, ಮೈಲುತುತ್ತು ತಂದಿಟ್ಟವರ ತೋಟದಲ್ಲಿ ಕೊಳೆರೋಗ ಹೇಗೆ ಬಂತು ಅಂತ ನೋಡಿದ್ದೇವಲ್ಲ.

ಹಪ್ಪಳದ ಹಿಟ್ಟು, ಬದಿಯಡ್ಕ · ಶನಿವಾರ ಮಧ್ಯಾಹ್ನ 12.20

ನನ್ನ ಹಪ್ಪಳ ಬುಧವಾರಕ್ಕೇ ಡಬ್ಬಕ್ಕೆ ಸೇರಿದೆ, ಯಾರೂ ಕೇಳಲಿಲ್ಲ ಅಂತ ನಾನೇ ಹೇಳುತ್ತಿದ್ದೇನೆ. ಇವತ್ತು ಮೂಡಾಯಿ ಗಾಳಿ ಹನ್ನೊಂದಕ್ಕೇ ಎದ್ದಿದೆ. ದೀಪದ ಹತ್ತಿರ ನಿನ್ನೆ ರಾತ್ರಿ ರೆಕ್ಕೆಹುಳ ಬಂದಿತ್ತು. ಚಾಲಿ ಅಣ್ಣ, ಇವತ್ತು ಹರಡಬೇಡಿ.

ಚಾಲಿ, ಮುಳ್ಳೇರಿಯ · ಶನಿವಾರ ಮಧ್ಯಾಹ್ನ 12.31

ಹರಡಿ ಆಗಿದೆ ಅಕ್ಕ. ಈಗ ಗುಡಿಸುತ್ತೇನೆ.

ಮಳೆಮಾಪಕ, ಪೆರ್ಲ · ಭಾನುವಾರ ಬೆಳಿಗ್ಗೆ 8.45

ನಿನ್ನೆ ಸಂಜೆ 5ರಿಂದ 5.50ರವರೆಗೆ ಬಂತು. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಹಾಗಾಗಿ ಶನಿವಾರದ ಮಳೆ ಭಾನುವಾರದ ತಾರೀಕಿಗೆ ಬರೆಯುವುದು. ನನ್ನ ಮಾಪಕದಲ್ಲಿ 18 ಮಿಲಿಮೀಟರ್, ಒಂದು ಹಲಸಿನ ಎಲೆ, ಎರಡು ಕಟ್ಟಿರುವೆ. ಎಕರೆಗೆ 73,000 ಲೀಟರ್ ಹತ್ತಿರ. ಪಂಪು ಬುಧವಾರದವರೆಗೆ ಬಂದ್. ಮುಳ್ಳೇರಿಯ, ಬಾಯಾರು, ಕುಂಬ್ಡಾಜೆಯವರು ನಿಮ್ಮ ನಿಮ್ಮ ಲೆಕ್ಕ ಹಾಕಿ.

ಒಟ್ಟಪ್ಪೆಟ್ಟ, ಕುಂಬ್ಡಾಜೆ · ಭಾನುವಾರ ಬೆಳಿಗ್ಗೆ 9.05

ಮಾಪಕ ಇಲ್ಲ, ಹಿತ್ತಿಲಿನ ಬಾಲ್ದಿಯಲ್ಲಿ ನಾಲ್ಕು ಬೆರಳು. ಅಜ್ಜ ಜಗಲಿಯಲ್ಲಿ ಕೂತಿದ್ದಾರೆ, ‘ನಾನು ಹೇಳಿರಲಿಲ್ಲವಾ, ಒಟ್ಟು ಪೆಟ್ಟು’ ಅಂತ.